ಬಿಳಿ ನೀರಿನ ದಡಕ್ಕೊಂದು ಸ್ಟೋವ್

೨೦೨೪ರ ಆಗಸ್ಟ್ ಮಧ್ಯದಲ್ಲಿ, ಕಿರ್ಗಿಸ್ತಾನದ ಪೂರ್ವದ ಬೆಟ್ಟಗಳಲ್ಲಿ ಹೊಳೆಯೊಂದನ್ನು ದಾಟುವಾಗ ಮೈಸೂರಿನ ದೈಹಿಕ ಶಿಕ್ಷಣ ಶಿಕ್ಷಕ ಲೋಕೇಶ್ ನೀರಿನಲ್ಲಿ ಕೊಚ್ಚಿಹೋದರು. ಜೊತೆಯಲ್ಲಿದ್ದ ಚಾರಣಿಗರು ಅಲ್ಲಿನ ಪೊಲೀಸರಿಗೆ ಹಾಗೆಂದು ಹೇಳಿಕೆ ಕೊಟ್ಟರು. ಹೊಳೆಯ ಕೆಳಭಾಗದಲ್ಲಿ ಹುಡುಕಾಟ ನಡೆಯಿತು. ಹಿಮ ಬಿದ್ದ ಮೇಲೆ ನಿಂತಿತು. ಶವ ಸಿಗಲಿಲ್ಲ.

ಮೈಸೂರು

ಆ ಸುದ್ದಿಯನ್ನು ನಮ್ಮ ಪತ್ರಿಕೆಗೆ ಬರೆದವಳು ನಾನು. ಲೋಕೇಶ್ ಅವರ ಅಕ್ಕ ಜಯಮ್ಮ ನಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿ ಮುದ್ದೆ ಮೆಸ್ ನಡೆಸುತ್ತಾರೆ. ಅವರ ಊರು ಇಲವಾಲ. ತಮ್ಮನನ್ನು ಓದಿಸಿದ್ದು ಮೆಸ್ಸಿನ ಒಲೆ. ವರದಿಗಾರರು, ಪೇಜ್ ಹಾಕುವವರು, ಮುದ್ರಣಾಲಯದವರು, ಎಲ್ಲರೂ ಅಲ್ಲಿ ಮಧ್ಯಾಹ್ನದ ಊಟ ಮಾಡುತ್ತೇವೆ. ಹಾಗಾಗಿ ಲೋಕೇಶ್ ಕಣ್ಮರೆಯಾದಾಗ ಹೇಳಿಕೆಗಾಗಿ ನಾನು ದೂರ ಹೋಗಬೇಕಾಗಲಿಲ್ಲ. ಜಯಮ್ಮ ಬಡಿಸುವ ಸೌಟು ಹಿಡಿದುಕೊಂಡೇ ಮಾತನಾಡಿದ್ದರು.

ವರ್ಷ ತುಂಬುತ್ತ ಬಂದಾಗ ಮನೆಯ ಹಿರಿಯರು ಕೂತು ಎಡೆ ಇಡಬೇಕು ಎಂದರು. ಸತ್ತವರಿಗೆ ಅವರು ಇಷ್ಟಪಟ್ಟಿದ್ದ ಅಡುಗೆಯನ್ನು ಬಿಸಿಯಾಗಿ ಎಲೆಯ ಮೇಲೆ ಬಡಿಸಿಡುವುದು ಎಡೆ. ಗುದ್ದಿನ, ಅಂದರೆ ಹೂತ ಜಾಗದ, ಹತ್ತಿರ ಇಡುತ್ತಾರೆ. ಲೋಕೇಶ್ ಅವರಿಗೆ ಗುದ್ದಿಲ್ಲ. ಹಾಗಾದರೆ ಆ ನೀರಿನ ದಡವೇ ಗುದ್ದು ಎಂದು ಒಬ್ಬರು ಅಂದರು. ಅವರು ಮಾತಿಗೆ ಅಂದದ್ದು. ಜಯಮ್ಮ ಅದನ್ನೇ ಹಿಡಿದುಕೊಂಡರು.

ಲೋಕೇಶ್ ಅವರ ಹೆಂಡತಿ ಸುಧಾ ಒಪ್ಪಲಿಲ್ಲ. ಮೆಸ್ಸಿನ ಅಡುಗೆಮನೆಯಲ್ಲಿ ನಡೆದ ಈ ಮಾತಿಗೆ ನಾನು ಸಾಕ್ಷಿ.

"ಎಡೆ ಇಟ್ಬುಟ್ರೆ ಅವ್ರು ಇಲ್ಲ ಅಂತ ನಾವೇ ಬರ್ಕೊಟ್ಟಂಗೆ ಅಲ್ವಾ ಅಕ್ಕ?"

"ವರ್ಸ ಆಯ್ತಲ್ಲವ್ವ. ಅವ್ನು ಅಸ್ಕೊಂಡಿರ್ತಾನೆ ಕಣೆ."

"ಅಸ್ಕೊಂಡವ್ರೆ ಅಂದ್ರೆ ಬದುಕವ್ರೆ ಅಂತ."

ಸುಧಾ ಬರುವುದಿಲ್ಲ ಎಂದಾಯಿತು. ಇಂಗ್ಲಿಷ್ ಬರುವವರು ಬೇಕು ಎಂದು ಜಯಮ್ಮ ನನ್ನನ್ನು ಕರೆದರು. ಅವರು ಅದುವರೆಗೆ ನೋಡಿದ್ದ ವಿಮಾನವೆಂದರೆ ಮಂಡಕಳ್ಳಿಯಲ್ಲಿ ಇಳಿಯುವ ಚಿಕ್ಕದು. ಅದೂ ನಂಜನಗೂಡು ರಸ್ತೆಯ ಬಸ್ಸಿನ ಕಿಟಕಿಯಿಂದ.

ಮೊದಲ ಪ್ರಶ್ನೆ ಸ್ಟೋವ್. ಎಡೆಯ ಅಡುಗೆ ಅಲ್ಲೇ ಬೇಯಬೇಕು. ಅಲ್ಲಿ ಮರವಿಲ್ಲ, ಸೌದೆಯಿಲ್ಲ.

ಈ ಪ್ರಶ್ನೆಯನ್ನು ಲೋಕೇಶ್ ಹಿಂದಿನ ವರ್ಷವೇ ಬಿಡಿಸಿದ್ದರು. ಬೆಟ್ಟಕ್ಕೆ ಹೊತ್ತೊಯ್ಯುವ ಸ್ಟೋವ್‌ಗಳಲ್ಲಿ ಹಗುರವಾದದ್ದು ಗ್ಯಾಸಿನದು. ಆದರೆ ಗ್ಯಾಸಿನ ಡಬ್ಬಿಯನ್ನು ವಿಮಾನಕ್ಕೆ ಬಿಡುವುದಿಲ್ಲ, ಚಳಿಗೆ ಅದರ ಉರಿ ಸೊರಗುತ್ತದೆ. ಸ್ಪಿರಿಟ್ಟಿನ ಸ್ಟೋವ್‌ಗೆ ಶಕ್ತಿ ಸಾಲದು. ಉಳಿದದ್ದು ಬಹು ಇಂಧನದ ಸ್ಟೋವ್. ಒಂದು ಬರ್ನರ್, ಒಂದು ಕೊಳವೆ, ಪಂಪು ತಿರುಪಿದ ಒಂದು ಬಾಟಲಿ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಯಾವುದನ್ನು ಹಾಕಿದರೂ ಉರಿಯುತ್ತದೆ. "ಅಕ್ಕ, ಕಾರು ಓಡೋ ಕಡೆಯೆಲ್ಲ ಇದು ಉರೀತದೆ" ಎಂದು ಲೋಕೇಶ್ ಹೇಳಿದ್ದನ್ನು ಜಯಮ್ಮ ಅನೇಕ ಸಲ ನನಗೆ ಹೇಳಿದ್ದಾರೆ.

ಗೆಳೆಯರಿಂದ ಎರಡು ಮಾದರಿಗಳನ್ನು ತಂದು ಅವರು ಮೆಸ್ಸಿನ ಹಿತ್ತಿಲಲ್ಲಿ ಹೊತ್ತಿಸಿದ್ದರು. ಅಂಗಡಿಯವರು ತೂಕ ಹೇಳುತ್ತಾರೆ. ಇವರ ಪರೀಕ್ಷೆ ಬೇರೆ. ಮುದ್ದೆಗೆ ಕುದಿಯುವ ನೀರಿನಲ್ಲಿ ಹಿಟ್ಟು ಹಾಕಿ ಕೋಲಿನಿಂದ ತಿರುವಬೇಕು, ರಟ್ಟೆಯ ಬಲವೆಲ್ಲ ಪಾತ್ರೆಯ ಮೇಲೆ ಬೀಳುತ್ತದೆ. ತೆಳು ಕಾಲಿನ ಹಗುರ ಸ್ಟೋವ್ ಜಾರಿತು. ಕುದಿಹಿಟ್ಟು ಜಯಮ್ಮನವರ ಪಾದದ ಮೇಲೆ ಬಿತ್ತು, ಗುರುತು ಈಗಲೂ ಇದೆ. ಅಗಲ ಕಾಲಿನ, ತಗ್ಗಾದ ಇನ್ನೊಂದು ನಿಂತಿತು. ಅದೇ ಮಾದರಿಯ ಹೊಸದನ್ನು ಲೋಕೇಶ್ ತರಿಸಿಕೊಂಡರು. ಮುಚ್ಚಿದ ಜಾಗದಲ್ಲಿ ಅದನ್ನು ಉರಿಸಬಾರದು, ವಿಷಗಾಳಿ ಕಟ್ಟುತ್ತದೆ, ಗಾಳಿಗೆ ದಾರಿ ಬಿಡಲೇಬೇಕು ಎಂದು ಅಂದು ಅಕ್ಕನಿಗೆ ವಿವರಿಸಿದ್ದರಂತೆ.

ಜಯಮ್ಮ ಅದರ ಜೊತೆಗೆ ಮೆಸ್ಸಿನ ಒಂದು ಅಲ್ಯುಮಿನಿಯಂ ದಬರಿ ಕೊಟ್ಟರು. ಮದುವೆ, ತಿಥಿಗಳಿಗೆ ಎರವಲು ಹೋಗುವ ಪಾತ್ರೆಗಳು ಅದಲುಬದಲಾಗುತ್ತವೆಂದು ಅವರು ಎಲ್ಲದರ ಅಂಚಿನ ಕೆಳಗೂ 'ಜ' ಎಂದು ಚುಕ್ಕಿಚುಕ್ಕಿಯಾಗಿ ಕೊರೆಸುತ್ತಾರೆ. ಬಾಟಲಿಗೂ ಕೊರೆಸಲು ಹೊರಟಿದ್ದರು. ಅದರೊಳಗೆ ಒತ್ತಡವಿರುತ್ತದೆ, ಕೊರೆಸಬೇಡ ಎಂದು ಲೋಕೇಶ್ ತಡೆದರು. ಜಯಮ್ಮ ಸುಧಾಳ ನೈಲ್ ಪಾಲಿಶ್ ತೆಗೆದುಕೊಂಡು ತಳದಲ್ಲಿ 'ಜ' ಬರೆದರು.

ಒಂದು ವಿಷಯದಲ್ಲಿ ಮಾತ್ರ ಲೋಕೇಶ್ ಬಗ್ಗಲಿಲ್ಲ. ಹೊಸ ಒಲೆ ಮನೆಗೆ ಬಂದರೆ ಅರಿಶಿನ ಕುಂಕುಮ ಇಟ್ಟು ಹಾಲುಕ್ಕಿಸಬೇಕು. ಒಮ್ಮೆ ಹೊತ್ತಿಸಿದರೆ ಎಣ್ಣೆಯ ವಾಸನೆ ಹಿಡಿಯುತ್ತದೆ, ವಿಮಾನದವರು ಬಿಡುವುದಿಲ್ಲ ಎಂದು ಹೇಳಿ ಅವರು ಅದನ್ನು ಹೊತ್ತಿಸದೆಯೇ ಒಯ್ದರು.

"ಹಾಲುಕ್ಕಸ್ದೆ ತಗೊಂಡೋದ. ಅದ್ಕೇ ಇಂಗಾಯ್ತು" ಎಂಬುದು ಜಯಮ್ಮನವರ ತೀರ್ಮಾನ.

ಈ ಸಲ ತಮ್ಮ ಆರಿಸಿದ್ದ ಮಾದರಿಯನ್ನೇ ಅವರು ಬೆಂಗಳೂರಿನಿಂದ ತರಿಸಿದರು. ಎಲ್ಲಿಂದಲೋ ಸೀಮೆಎಣ್ಣೆ ತಂದರು. ಪಾತ್ರೆಯ ನಾಲ್ಕೂ ಕಡೆ ಹಾಲು ಉಕ್ಕಿ ಬರ್ನರ್ ಒಳಗೆ ಇಳಿಯುವವರೆಗೆ ಕಾದು ಕೈಮುಗಿದರು. ವಾಸನೆಯ ಮಾತನ್ನು ನಾನು ನೆನಪಿಸಿದೆ. "ಹುಣಸೆಹಣ್ಣಲ್ಲಿ ಉಜ್ತೀನಿ ಬುಡಿ. ಹಿತ್ತಾಳೆ ಕೊಡಾನೇ ಬೆಳ್ಳಗಾಯ್ತದೆ" ಎಂದರು. ಉಜ್ಜಿದರು. ಸ್ಟೋವ್ ಹೊಳೆಯಿತು.

ವಿಮಾನ ಬದಲಿಸಿದ ಊರು

ದೇಶ ಬಿಡುವ ಮೊದಲು ಬದಲಿ ವಿಮಾನಕ್ಕೆ ಕಾಯುತ್ತಿದ್ದಾಗ ನಮ್ಮ ಹೆಸರು ಕೂಗಿದರು. ಕಿಟಕಿಯಿಲ್ಲದ ಕೋಣೆಯಲ್ಲಿ ಜಯಮ್ಮನವರ ಚೀಲ ಮೇಜಿನ ಮೇಲೆ ತೆರೆದಿತ್ತು. ಕೈಗವಸು ತೊಟ್ಟ ಯುವ ಅಧಿಕಾರಿಣಿ ಸ್ಟೋವ್ ಎತ್ತಿ ಮೂಗಿನ ಹತ್ತಿರ ಹಿಡಿದರು. ಬರ್ನರಿನ ಮೇಲೆ ಕೆಂಪು ಚುಕ್ಕೆ.

"ಇದೇನು?"

"ಕುಂಕುಮ" ಎಂದೆ.

ಅವರು ಹತ್ತಿಯಲ್ಲಿ ಅದನ್ನು ಒರೆಸಿ ಯಂತ್ರಕ್ಕೆ ಕೊಟ್ಟರು. ಕುಂಕುಮ ಪಾಸಾಯಿತು. ಸೀಮೆಎಣ್ಣೆ ಆಗಲಿಲ್ಲ. ಬರ್ನರಿನೊಳಗಿನ ಬತ್ತಿ ಎಣ್ಣೆಯನ್ನು ಹೀರಿತ್ತು, ಅದರ ಮೇಲೆ ಹಾಲು ಸೀದು ಕೂತಿತ್ತು. ಹುಣಸೆಹಣ್ಣು ಅಲ್ಲಿಗೆ ತಲುಪಿರಲಿಲ್ಲ.

"ಹಾಲು ಉಕ್ಸಿದ್ದು ಕಣ್ರೀ" ಎಂದು ಜಯಮ್ಮ ಕನ್ನಡದಲ್ಲೇ ಹೇಳಿದರು. "ಒಲೆ ಅಂದ್ಮೇಲೆ ಹಾಲು ಉಕ್ಕಸ್ದೆ ಇರಕ್ಕಾಯ್ತದಾ? ನಿಮ್ಮನೇಲಿ ಎಂಗೆ ಮಾಡ್ತೀರಿ?"

ನಾನು ಅನುವಾದಿಸಿದೆ. ಅಧಿಕಾರಿಣಿ ಕೇಳಿಸಿಕೊಂಡು, ತಮ್ಮ ಮನೆಯಲ್ಲೂ ಹೊಸ ಒಲೆಗೆ ಪೂಜೆ ಮಾಡುತ್ತಾರೆ, ಆದರೆ ನಿಯಮ ನಿಯಮವೇ ಎಂದರು. ಬಳಸಿದ ಸ್ಟೋವ್ ವಾಸನೆಯಿದ್ದರೆ ವಿಮಾನ ಹತ್ತುವಂತಿಲ್ಲ. ಅದನ್ನು ಒಂದು ನೀಲಿ ಡಬ್ಬಕ್ಕೆ ಹಾಕಿದರು. ಅದರಲ್ಲಿ ಲೈಟರುಗಳು, ಪಟಾಕಿ, ಒಂದು ಕತ್ತರಿ ಇದ್ದವು. ರಾಗಿಹಿಟ್ಟಿನ ಚೀಲ, ಸಾರಿನ ಪುಡಿ ಮತ್ತು ಮುದ್ದೆ ಕೋಲು ನಮಗೆ ವಾಪಸು ಬಂದವು. ಕೋಲನ್ನು ಎರಡು ಸಲ ತಿರುಗಿಸಿ ನೋಡಿ ಕೊಟ್ಟರು.

ವಿಮಾನದಲ್ಲಿ ಜಯಮ್ಮ ಊಟ ಮುಟ್ಟಲಿಲ್ಲ. "ಅವ್ನು ಹೇಳಿದ್ದು ಸರಿಯಿತ್ತು" ಎಂದರು.

ಬಿಷ್ಕೆಕ್

ನಮ್ಮ ಮಾರ್ಗದರ್ಶಿ ಐಬೆಕ್ ನಲವತ್ತರ ಆಸುಪಾಸಿನವರು, ಮಾತು ಕಡಿಮೆ, ಇಂಗ್ಲಿಷ್ ಸಾಕಷ್ಟು. ಹಿಂದಿನ ವರ್ಷದ ತಂಡದ ಜೊತೆ ಹೋಗಿದ್ದವರು ಇವರಲ್ಲ. ಬಿಷ್ಕೆಕ್‌ನ ರಸ್ತೆಗಳು ಅಗಲ, ಸಾಲುಮರಗಳ ಬುಡದಲ್ಲಿ ಸಣ್ಣ ಕಾಲುವೆಗಳಲ್ಲಿ ನೀರು ಹರಿಯುತ್ತದೆ. ಮೈಸೂರಿನಂತೆ ನೆರಳಿನ ಊರು. ಸಂತೆಗೆ ಅವರೂ ಬಜಾರು ಎನ್ನುತ್ತಾರೆ, ಈರುಳ್ಳಿಗೆ ಪಿಯಾಜ್.

ಚಾರಣದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಆಯ್ಕೆ ಮತ್ತೆ ಮೊದಲಿಂದ ಶುರುವಾಯಿತು. ಇಲ್ಲಿ ಗ್ಯಾಸಿನ ಡಬ್ಬಿಗಳು ರಾಶಿಯಿದ್ದವು. ಬೇಸಿಗೆಗೆ ಅದೇ ಸಾಕು, ತೂಕವೂ ಕಡಿಮೆ ಎಂದು ಐಬೆಕ್ ಹೇಳಿದರು. ಅಂಗಡಿಯವನು ಡಬ್ಬಿಯ ತಲೆಗೆ ಅಂಗೈಯಗಲದ ಬರ್ನರ್ ತಿರುಪಿ, ಅದರ ಮೇಲೆ ಪಾತ್ರೆ ಇಟ್ಟು ತೋರಿಸಿದ. ಜಯಮ್ಮ ಚೀಲದಿಂದ ಕೋಲು ತೆಗೆದು ಪಾತ್ರೆಗಿಳಿಸಿ ಒಂದು ಸುತ್ತು ತಿರುವಿದರು. ಪಾತ್ರೆ, ಬರ್ನರ್, ಡಬ್ಬಿ ಮೂರೂ ನೆಲಕ್ಕೆ ಬಿದ್ದವು.

"ಈಯಮ್ಮ ಬೆಟ್ಟ ಹತ್ತಲು ಹೊರಟಿದ್ದಾರೋ ಸ್ಟೋವ್ ಮುರಿಯಲು ಬಂದಿದ್ದಾರೋ?" ಎಂದು ಅಂಗಡಿಯವನು ಕೇಳಿದನೆಂದು ಐಬೆಕ್ ಅನುವಾದಿಸಿದರು.

"ಬೀಳೋದ್ನ ಮಾರ್ತಾವ್ನಲ್ಲ, ಅವ್ನಿಗೆ ಕೇಳಿ" ಎಂದರು ಜಯಮ್ಮ.

ಕಪಾಟಿನ ಹಿಂದಿನಿಂದ ಒಂದು ಹಳೆಯ ಬಹು ಇಂಧನದ ಸ್ಟೋವ್ ಹೊರಬಂತು. ಯಾರೋ ವಿದೇಶಿ ಬಿಟ್ಟುಹೋದದ್ದು. ಲೋಕೇಶ್ ಒಯ್ದಿದ್ದ ಸ್ಟೋವ್‌ನ ಕಂಪನಿಯದೇ, ಕಾಲು ಅಗಲ. ಕೋಲಿಗೆ ಅಲ್ಲಾಡಲಿಲ್ಲ. ಆದರೆ ಎಣ್ಣೆ ಚಿಮ್ಮುವ ಜೆಟ್ ಸವೆದಿತ್ತು. ಇಲ್ಲಿನ ಪೆಟ್ರೋಲಿನಲ್ಲಿ ಕಸವಿರುತ್ತದೆ, ಪ್ರತಿ ಸಲ ಶುಚಿ ಮಾಡಬೇಕು, ಇಲ್ಲದಿದ್ದರೆ ಕೈಕೊಡುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ. ಹಿತ್ತಿಲಲ್ಲಿ ಹೊತ್ತಿಸಿದಾಗ ಚೆನ್ನಾಗಿಯೇ ಉರಿಯಿತು. ಜಯಮ್ಮ ಕಾಲು ನೋಡಿ ಆರಿಸಿದರು. ನಾವು ತಡೆಯಲಿಲ್ಲ. ಈ ಸಲ ಹಾಲುಕ್ಕಿಸುವ ಮಾತು ಅವರು ಎತ್ತಲಿಲ್ಲ.

ಪೂರ್ವದ ದಾರಿ

ದಾರಿಯುದ್ದಕ್ಕೂ ಸ್ಮಶಾನಗಳು. ದೂರದಿಂದ ಊರಿನಂತೆ ಕಾಣುತ್ತವೆ. ಇಟ್ಟಿಗೆಯ ಪುಟ್ಟ ಮನೆಗಳು, ಗುಮ್ಮಟ, ಗೋಡೆ, ಬಾಗಿಲು. ಒಳಗೆ ಯಾರೂ ವಾಸವಿಲ್ಲ. ಜಯಮ್ಮ ಮೊದಲ ಸಲ ಅದನ್ನು ಹಳ್ಳಿಯೆಂದೇ ತಿಳಿದರು. ಐಬೆಕ್ ಹೇಳಿದ ಮೇಲೆ ಪ್ರತಿಯೊಂದನ್ನೂ ಕಣ್ಣಿಗೆ ಮರೆಯಾಗುವವರೆಗೆ ನೋಡಿದರು.

"ಎಲ್ರಿಗೂ ಮನೆ ಕಟ್ಟವ್ರೆ" ಎಂದರು.

ಕಡೆಯ ಪಟ್ಟಣದಲ್ಲಿ ಕುರಿಮಾಂಸ ಕೊಂಡೆವು. ಸೈನ್ಯ ಬಳಸಿ ಬಿಟ್ಟ ಹಳೆಯ ಲಾರಿಯೊಂದು ಕಣಿವೆಯ ಬಾಯಿಯವರೆಗೆ ಒಯ್ಯಿತು. ಅಲ್ಲಿಂದ ನಡಿಗೆ. ಜಯಮ್ಮನವರಿಗೆ ಐವತ್ತು ದಾಟಿದೆ, ನಿಂತು ಬಡಿಸಿದ ಕಾಲುಗಳು. ಏರಿನಲ್ಲಿ ನನಗಿಂತ ಮುಂದಿದ್ದರು. ಗಾಳಿ ತೆಳುವಾದ ಹಾಗೆ ಅವರೂ ಕೂರತೊಡಗಿದರು.

ಸ್ಟೋವ್ ಮೊದಲ ಸಂಜೆ ಹಳದಿ ಜ್ವಾಲೆ ಕಾರಿ ಪಾತ್ರೆಗೆ ಮಸಿ ಹಿಡಿಸಿತು. ಮರುದಿನ ಬೆಳಿಗ್ಗೆ ಚಹಾಕ್ಕೆ ಇಟ್ಟ ನೀರು ಕುದಿಯುವ ಮೊದಲೇ ನಂದಿತು. ಐಬೆಕ್ ಜೆಟ್ ಬಿಚ್ಚಿ ಊದಿದರು, ಉಪಯೋಗವಾಗಲಿಲ್ಲ. ಜಯಮ್ಮ ಸೆರಗಿನ ಪಿನ್ನು ತೆಗೆದರು. ಪಂಪ್ ಸ್ಟೋವ್ ಕಾಲದಿಂದ ನಮ್ಮಲ್ಲಿ ಎಲ್ಲರೂ ಮಾಡುತ್ತ ಬಂದ ಕೆಲಸ ಅದು, ಪಿನ್ನು ಚುಚ್ಚುವುದು. ಆ ಸ್ಟೋವ್‌ಗಳ ಪಿನ್ನು ಕೂದಲಷ್ಟು ತೆಳುವಿರುತ್ತಿತ್ತು. ಇದು ಸೆರಗಿನ ಪಿನ್ನು. ಒತ್ತಿದಾಗ ಮೊನೆ ಮುರಿದು ಜೆಟ್‌ನೊಳಗೆ ಉಳಿಯಿತು. ಎಷ್ಟು ತಟ್ಟಿದರೂ ಹೊರಬರಲಿಲ್ಲ.

ಅಂದು ಬೆಳಿಗ್ಗೆ ನಾವು ಒಣ ರೊಟ್ಟಿ ತಿಂದೆವು. ಜಯಮ್ಮ ರೊಟ್ಟಿಯನ್ನು ಬೋರಲು ಇಟ್ಟಾಗ ಐಬೆಕ್ ಅದನ್ನು ಅಂಗಾತ ಮಾಡಿದರು. ಇಲ್ಲಿ ರೊಟ್ಟಿಯನ್ನು ಬೋರಲು ಇಡುವುದು ಅಶುಭ.

ಬಿಳಿ ನೀರು

ಹೊಳೆಯ ಹೆಸರು ಅಕ್-ಸೂ. ಬಿಳಿ ನೀರು ಎಂದರ್ಥ. ಆ ದೇಶದಲ್ಲಿ ಈ ಹೆಸರಿನ ಹೊಳೆಗಳು ಹಲವು. ನೀರು ಅಕ್ಕಿ ತೊಳೆದ ನೀರಿನಂತಿತ್ತು, ತಳ ಕಾಣುವುದಿಲ್ಲ. ಕೆಳಗೆ ಬಂಡೆಗಳು ಒಂದಕ್ಕೊಂದು ತಾಗುವ ಸದ್ದು ದಡದಲ್ಲಿ ನಿಂತವರ ಕಾಲಿಗೆ ತಿಳಿಯುತ್ತದೆ.

ಬೆಳಗಿನ ಹೊತ್ತು ನೀರು ಕಡಿಮೆ, ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನ ಹೆಚ್ಚುತ್ತದೆ ಎಂದು ಐಬೆಕ್ ವಿವರಿಸಿದರು. ಹಿಂದಿನ ವರ್ಷದ ತಂಡದವರ ಹೇಳಿಕೆಯ ಪ್ರಕಾರ ಅವರು ದಾಟಲು ಇಳಿದದ್ದು ಮಧ್ಯಾಹ್ನದ ಮೇಲೆ. ಮಂಜು ಕವಿದಿತ್ತು. ಲೋಕೇಶ್ ಮೊದಲು ಇಳಿದರು, ಅಡುಗೆಯ ಸಾಮಾನು ಅವರ ಬೆನ್ನಿಗಿತ್ತು. ನಡುನೀರಿನಲ್ಲಿ ಮುಗ್ಗರಿಸಿದರು. ಅನಂತರ ಕಾಣಲಿಲ್ಲ. ಉಳಿದವರು ದಾಟಲಿಲ್ಲ. ಮರುದಿನ ಇದೇ ದಡದಲ್ಲಿ ಕೆಳಗಿಳಿದು ಪೊಲೀಸರಿಗೆ ತಿಳಿಸಿದರು.

ಜಯಮ್ಮ ನೀರಿನ ಅಂಚಿಗೆ ಹೋಗಿ ಕೈಯದ್ದಿದರು. ತಕ್ಷಣ ಹಿಂದಕ್ಕೆ ಎಳೆದುಕೊಂಡರು.

"ಇಷ್ಟು ತಣ್ಣಗವ್ನಾ" ಎಂದರು. ನಂತರ, "ಎಲೆ ತಂದೀನಿ, ಹಿಟ್ಟು ತಂದೀನಿ, ಒಲೆ ಇಲ್ಲ. ಅಕ್ಕ ಆಗಿ ಒಂದೊತ್ತು ಬೇಸಾಕಕ್ಕೆ ಆಗ್ನಿಲ್ವಲ್ಲ."

ಹೊಳೆಯ ಕೆಳಗೆ ಮರದ ದಿಮ್ಮಿಯ ಸೇತುವೆಯಿದೆ, ಅದರಾಚೆ, ಎದುರು ದಡದಲ್ಲಿ, ಕುರಿ ಮೇಯಿಸುವ ಒಂದು ಕುಟುಂಬ ಬೀಡುಬಿಟ್ಟಿದೆ, ಕೇಳಿ ನೋಡೋಣ ಎಂದರು ಐಬೆಕ್.

ಗುಲ್ಮಿರಾಳ ಗುಡಾರ

ದುಂಡನೆಯ ಕಂಬಳಿ ಗುಡಾರ. ಒಳಗೆ ಕಬ್ಬಿಣದ ಒಲೆಯಲ್ಲಿ ಬೆರಣಿ ಉರಿಯುತ್ತಿತ್ತು. ಯಜಮಾನ ಕುರಿಗಳ ಜೊತೆ ಮೇಲೆ ಹೋಗಿದ್ದ. ಅವನ ಹೆಂಡತಿ ಗುಲ್ಮಿರಾ ನಮ್ಮನ್ನು ಕೂರಿಸಿ ಬಟ್ಟಲಿಗೆ ಅರ್ಧ ಚಹಾ ಸುರಿದಳು.

"ಅರ್ಧ ಕೊಡ್ತಾಳಲ್ಲ" ಎಂದು ಜಯಮ್ಮ ನನ್ನ ಕಿವಿಯಲ್ಲಿ ಹೇಳಿದರು.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಐಬೆಕ್ ನಕ್ಕರು. ಅರ್ಧ ಸುರಿದರೆ ಮತ್ತೆ ಮತ್ತೆ ಸುರಿಯುತ್ತೇನೆ, ಕೂತಿರಿ ಎಂದರ್ಥ. ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದು.

"ನಮ್ ಮೆಸ್ಸಲ್ಲಿ ಎಲ್ರಿಗೂ ತುಂಬ್ಸಿ ಕೊಡ್ತೀನಿ. ಎದ್ದೋಗ್ಲಿ ಅಂತ್ಲೇ" ಎಂದರು ಜಯಮ್ಮ. ಹೊಳೆಯ ದಡಕ್ಕೆ ಬಂದ ಮೇಲೆ ಅವರು ಹಗುರವಾಗಿ ಆಡಿದ ಮಾತು ಅದೊಂದೇ.

ನಾವು ಬಂದ ಕಾರಣವನ್ನು ಐಬೆಕ್ ಹೇಳಿದರು. ಗುಲ್ಮಿರಾ ಪ್ರಾರ್ಥನೆಯಾಗಿ ಎರಡೂ ಅಂಗೈಗಳನ್ನು ಮುಖದ ಮೇಲಿನಿಂದ ಕೆಳಗೆ ಸವರಿಕೊಂಡಳು. ಅವರಲ್ಲಿಯೂ ಸತ್ತವರಿಗಾಗಿ ಎಣ್ಣೆ ಕಾಯಿಸಿ ರೊಟ್ಟಿ ಕರಿಯುತ್ತಾರಂತೆ. ತಿನ್ನುವುದು ಬದುಕಿದವರು. ಸತ್ತವರಿಗೆ ತಲುಪುವುದು ಎಣ್ಣೆಯ ವಾಸನೆ. ಜಯಮ್ಮ ಇದನ್ನು ಎರಡು ಸಲ ಕೇಳಿ ತಿಳಿದುಕೊಂಡು ತಲೆಯಾಡಿಸಿದರು.

ಅಡುಗೆಯನ್ನು ತನ್ನ ಒಲೆಯಲ್ಲೇ ಮಾಡಿ ಎಂದಳು ಗುಲ್ಮಿರಾ. ದಡದಲ್ಲೇ ಬೇಯಬೇಕು ಎಂದು ಐಬೆಕ್ ತಿಳಿಸಿದಾಗ ಸ್ವಲ್ಪ ಯೋಚಿಸಿ ಗುಡಾರದ ಹಿಂಬದಿಗೆ ಹೋದಳು. ಬಟ್ಟೆ ಸುತ್ತಿದ ಏನನ್ನೋ ತಂದು ಬಿಚ್ಚಿದಳು.

ಅಗಲ ಕಾಲಿನ ಸ್ಟೋವ್. ಕೊಳವೆಯ ತುದಿಯಲ್ಲಿ ಪಂಪು. ಬಾಟಲಿ ಇರಲಿಲ್ಲ. ಬಾಟಲಿಯಿಲ್ಲದೆ ಹೇಗೆ ಹೊತ್ತಿಸುವುದೆಂದು ತಿಳಿಯದೆ ಅದನ್ನು ನೇತುಹಾಕಿದ್ದೆವು, ಜೊತೆಗೆ ಸಿಕ್ಕ ಪಾತ್ರೆಯನ್ನು ಮಾತ್ರ ಬಳಸುತ್ತಿದ್ದೇವೆ ಎಂದಳು. ಪಾತ್ರೆ ಮೂಲೆಯಲ್ಲಿತ್ತು. ಅದರಲ್ಲಿ ಹಾಲಿನ ಕೆನೆ ಹೆಪ್ಪುಗಟ್ಟುತ್ತಿತ್ತು.

ಜಯಮ್ಮ ಎದ್ದು ಹೋಗಿ ಪಾತ್ರೆಯ ಅಂಚಿನ ಕೆಳಗೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ಬೆರಳು ನಿಂತಿತು. ನಾನು ಬಗ್ಗಿ ನೋಡಿದೆ. ಚುಕ್ಕಿಚುಕ್ಕಿಯಾಗಿ 'ಜ'.

"ಇದು ನನ್ ದಬ್ರಿ ಕಣಮ್ಮ" ಎಂದರು. ಧ್ವನಿ ಏರಲಿಲ್ಲ. "ನೀರಲ್ಲಿ ತೇಲ್ಕಂಡ್ ಬಂತಾ ಕೇಳಿ."

ಐಬೆಕ್ ಕೇಳಿದರು. ಗುಲ್ಮಿರಾಳ ಉತ್ತರ ಉದ್ದವಾಗಿತ್ತು. ಐಬೆಕ್ ಅನುವಾದಿಸುವ ಮೊದಲು ಅದನ್ನೇ ಅವಳಿಂದ ಮತ್ತೊಮ್ಮೆ ಹೇಳಿಸಿದರು.

ನೀರಿನಲ್ಲಿ ಸಿಕ್ಕಿದ್ದಲ್ಲ. ತಂಡದವರು ದಾಟದೆ ಉಳಿದ ಈ ಎದುರು ದಡದ ಮೇಲಿನ ಹುಲ್ಲುಗಾವಲಿನಲ್ಲಿ ಕುರುಬರ ಕಲ್ಲಿನ ಗುಡಿಸಲು ಒಂದಿದೆ. ಹಿಂದಿನ ವರ್ಷ ಹುಲ್ಲು ಬೇಗ ಮುಗಿದು ಇವರು ಆಗಸ್ಟ್‌ಗೆ ಮೊದಲೇ ಇಳಿದಿದ್ದರು. ಈ ಬೇಸಿಗೆಯಲ್ಲಿ ಮರಳಿ ಬಂದಾಗ ಗುಡಿಸಲಿನೊಳಗೆ ಸ್ಟೋವ್ ಮತ್ತು ಪಾತ್ರೆ ಇದ್ದವು. ಚಾರಣಿಗರು ಸಾಮಾನು ಬಿಟ್ಟುಹೋಗುವುದುಂಟು, ಹಾಗೆಂದು ತಿಳಿದರು. ಪಾತ್ರೆಯನ್ನು ಸ್ಟೋವ್‌ನ ಮೇಲೆ ಬೋರಲು ಹಾಕಿತ್ತು. ಅಂಚಿನಲ್ಲಿ ಕೆಂಗಂದು ಬಣ್ಣದ ಹಿಟ್ಟು ಒಣಗಿ ಹಿಡಿದಿತ್ತು, ಯಾವ ಹಿಟ್ಟೆಂದು ತಿಳಿಯಲಿಲ್ಲ. ಮರಳು ಹಾಕಿ ತಿಕ್ಕಿದೆ ಎಂದಳು.

ಜಯಮ್ಮ ಚೀಲ ಬಿಚ್ಚಿ ಒಂದು ಹಿಡಿ ರಾಗಿಹಿಟ್ಟು ತೆಗೆದು ಅವಳ ಮುಂದೆ ಹಿಡಿದರು. ಗುಲ್ಮಿರಾ ಅದರಲ್ಲಿ ಬೆರಳಾಡಿಸಿ, ಮೂಸಿ, ಹೌದೆಂದು ತಲೆಯಾಡಿಸಿದಳು.

"ತೊಳ್ದು ಬೋರ್ಲಾಕವ್ನೆ" ಎಂದರು ಜಯಮ್ಮ. ಮತ್ತೆ ಅದನ್ನೇ ಹೇಳಿದರು. ಆಮೇಲೆ ಕೂತುಬಿಟ್ಟರು.

ಕಲ್ಲಿನ ಗುಡಿಸಲು

ಸ್ಟೋವ್, ಪಾತ್ರೆ ಹಿಡಿದು ಗುಲ್ಮಿರಾಳ ಜೊತೆ ಹತ್ತಿ ಹೋದೆವು. ಆಳೆತ್ತರದ ಕಲ್ಲುಗೋಡೆ, ಹುಲ್ಲುಹೆಂಟೆಯ ಮಾಡು, ಒಂದೇ ಬಾಗಿಲು. ಕಂಡದ್ದನ್ನು ಕಂಡಂತೆ ಬರೆದುಕೊಂಡಿದ್ದೇನೆ. ನೆಲದ ಚಪ್ಪಡಿಯ ಮೇಲೆ ಮಸಿಯ ಉಂಗುರವಿತ್ತು, ಸ್ಟೋವ್ ಇಟ್ಟಾಗ ಸರಿಯಾಗಿ ಕೂತಿತು. ಬಾಗಿಲ ಬಿರುಕುಗಳಿಗೆ ಒಳಗಿನಿಂದ ಒಣ ಹುಲ್ಲು ತುರುಕಲಾಗಿತ್ತು. ಅದರ ಎದುರಿನ ಗೋಡೆಯಲ್ಲಿ, ಮಾಡಿನ ಕೆಳಗೆ, ಕೆಲವು ಕಲ್ಲುಗಳನ್ನು ಬಿಡಿಸಿ ತೆಗೆದು ಕೆಳಗೆ ಒತ್ತಾಗಿ ಜೋಡಿಸಿದ್ದರು. ಕಿಂಡಿಯ ಅಂಚಿಗೂ ಮಸಿ ಹಿಡಿದಿತ್ತು. ಈ ಕಿಂಡಿ ಹಿಂದೆ ಇರಲಿಲ್ಲ, ಯಾರು ತೆಗೆದರೋ ಎಂದು ನನ್ನ ಗಂಡ ಬೈದಿದ್ದ ಎಂದಳು ಗುಲ್ಮಿರಾ.

"ಗಾಳಿಗೆ ದಾರಿ ಬುಡ್ಬೇಕು ಅಂತಿದ್ದ" ಎಂದರು ಜಯಮ್ಮ.

ಆ ಕಿಂಡಿಯಿಂದ ನೋಡಿದರೆ ಹೊಳೆ ಕಾಣುತ್ತದೆ. ತಂಡ ದಾಟಲು ಇಳಿದಿದ್ದ ಜಾಗ, ಅವರು ಆ ರಾತ್ರಿ ಗುಡಾರ ಹಾಕಿದ್ದ ಸಮತಟ್ಟು, ಕೆಳಗಿಳಿಯುವ ದಾರಿ ಮೂರೂ ಕಾಣುತ್ತವೆ. ಮಂಜಿಲ್ಲದಿದ್ದರೆ.

ಗುಡಿಸಲಿನಲ್ಲಿ ಬೇರೇನೂ ಇರಲಿಲ್ಲ. ಚೀಲವಿಲ್ಲ, ಬಟ್ಟೆಯಿಲ್ಲ, ಬಾಟಲಿಯಿಲ್ಲ.

"ಒಂದು ಬಾಟ್ಲು ಎಣ್ಣೆ ಎಷ್ಟು ದಿನ ಬರ್ತದೆ ಕೇಳಿ" ಎಂದರು ಜಯಮ್ಮ.

ಎಷ್ಟು ತುಂಬಿತ್ತೋ ಗೊತ್ತಿಲ್ಲ, ಜಾಣತನದಿಂದ ಉರಿಸಿದರೆ ವಾರ ಬರಬಹುದು ಎಂದರು ಐಬೆಕ್. ಹುಡುಕಾಟ ನಡೆದದ್ದು ಹೊಳೆಯ ಕೆಳಭಾಗದಲ್ಲಿ. ಈ ದಡದ ಮೇಲ್ಭಾಗಕ್ಕೆ ಯಾರೂ ಬಂದ ದಾಖಲೆಯಿಲ್ಲ.

ಆಗ ದಿಮ್ಮಿಯ ಸೇತುವೆ ಇರಲಿಲ್ಲವೇ ಎಂದೆ.

ಐಬೆಕ್ ಗುಲ್ಮಿರಾಳನ್ನು ಕೇಳಿದರು. ಹಿಂದಿನ ವರ್ಷದ ನೀರಿಗೆ ಅದು ಕೊಚ್ಚಿಹೋಗಿತ್ತು, ಈಗಿರುವುದು ಈ ಬೇಸಿಗೆಯಲ್ಲಿ ಹಾಕಿದ್ದು. ಅಂದರೆ ಈ ದಡದಿಂದ ಹೊರಡುವವರಿಗೆ ಆಗ ಇದ್ದದ್ದು ಮೇಲಿನ ದಾರಿ ಮಾತ್ರ. ಗುಡಿಸಲಿನ ಹಿಂದೆ ಬೆಟ್ಟಸಾಲಿನಲ್ಲಿ ಒಂದು ತಗ್ಗು ಇದೆ. ಅದನ್ನು ದಾಟಿದರೆ ಆಚೆ ಕಣಿವೆ. ನಾವು ನೋಡಿದಾಗ ಅದು ಮೋಡದಲ್ಲಿತ್ತು.

ಬಾಡಿಗೆ ಸ್ಟೋವ್‌ನ ಬಾಟಲಿಯನ್ನು ಐಬೆಕ್ ತಮ್ಮ ಕೈಯಲ್ಲಿ ಹಿಡಿದೇ ಬಂದಿದ್ದರು. ಲೋಕೇಶ್ ಅವರ ಪಂಪಿಗೆ ಅದು ಹಿಡಿಯಿತು. ಬೆಂಕಿ ತೋರಿಸಿದಾಗ ಒಂದು ಸಲ ಕೆಮ್ಮಿ, ನೀಲಿಯಾಗಿ ನಿಂತಿತು. ಜಯಮ್ಮ ಬಾಗಿಲು ತೆರೆದಿಟ್ಟು ಕೆನೆಯ ಪಾತ್ರೆಯನ್ನು ತೊಳೆದು ನೀರಿಟ್ಟರು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಬೇಯಿಸುವುದಿಲ್ಲ. ಮಾಂಸ ಬಹಳ ಹೊತ್ತು ತೆಗೆದುಕೊಂಡಿತು. ಮುದ್ದೆ ತಿರುವುವಾಗ ಸ್ಟೋವ್ ಅಲ್ಲಾಡಲಿಲ್ಲ.

ತಂದಿದ್ದ ಮುತ್ತುಗದ ಎಲೆ ನಾಲ್ಕು ತೆಗೆದರು. ಒಂದು ಐಬೆಕ್‌ಗೆ, ಒಂದು ಗುಲ್ಮಿರಾಗೆ, ಒಂದು ನನಗೆ, ಒಂದು ತಮಗೆ.

"ಎಡೆ?" ಎಂದು ಕೇಳಿದೆ.

"ಎಡೆ ಅಲ್ಲ. ಊಟ. ತಿನ್ನಿ, ಆರೋಯ್ತದೆ" ಎಂದರು.

ಗುಲ್ಮಿರಾ ಮುದ್ದೆಯನ್ನು ಅಗಿದಳು. ನುಂಗಬೇಕು, ಅಗಿಯಬಾರದು ಎಂದು ಜಯಮ್ಮ ಸನ್ನೆಯಲ್ಲಿ ತೋರಿಸಿದರು. ಸಾರಿನ ಖಾರಕ್ಕೆ ಐಬೆಕ್ ಕಣ್ಣಲ್ಲಿ ನೀರು ಬಂತು. ಯಾರೂ ನಗಲಿಲ್ಲ. ಉಳಿದ ಹಿಟ್ಟನ್ನು ಜಯಮ್ಮ ಕಿಂಡಿಯ ಕೆಳಗಿನ ಕಲ್ಲುಗಳ ಮೇಲೆ ಚೀಲಸಮೇತ ಇಟ್ಟು ಬಂದರು.

ಜಿಲ್ಲಾ ಪಟ್ಟಣ

ನೆಟ್‌ವರ್ಕ್ ಸಿಕ್ಕ ಮೊದಲ ಜಾಗದಲ್ಲಿ ಜಯಮ್ಮ ಸುಧಾಗೆ ಫೋನ್ ಮಾಡಿದರು. ನಾನು ದೂರ ಸರಿದೆ. ಆದರೂ ಒಂದು ಮಾತು ಕೇಳಿಸಿತು. "ನೀನೇಳಿದ್ದೇ ದಿಟ ಕಣವ್ವ. ಅಸ್ಕೊಂಡೇ ಇದ್ದ."

ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆಸಲು ಇಡೀ ದಿನ ಹಿಡಿಯಿತು. ಜಯಮ್ಮ ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ, ಐಬೆಕ್ ಅವರ ಭಾಷೆಯಲ್ಲಿ. ಅಧಿಕಾರಿ ಸೌಜನ್ಯದಿಂದ ಕೇಳಿಸಿಕೊಂಡರು, ನಡುವೆ ಚಹಾ ತರಿಸಿದರು. ಬಟ್ಟಲು ಅರ್ಧ ತುಂಬಿತ್ತು. ಸ್ಟೋವ್ ಮತ್ತು ದಬರಿಯನ್ನು ಸಾಕ್ಷ್ಯವಾಗಿ ಇಟ್ಟುಕೊಳ್ಳಬೇಕಾಗುತ್ತದೆ ಎಂದರು. ಸ್ಟೋವ್ ಕೊಡಲು ಜಯಮ್ಮ ಒಪ್ಪಿದರು. ದಬರಿಯ ಅಂಚನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

"ತುಂಬಾ ಎರವಲು ಕೊಟ್ಟಿವ್ನಿ. ಇದು ಮಾತ್ರ ವಾಪಸ್ ಬರ್ಬೇಕು ಅಂತ ಹೇಳಿ" ಎಂದರು. ಹೇಳಿದೆ. ಅಧಿಕಾರಿ ಅದನ್ನೂ ಬರೆದುಕೊಂಡರು.

ಮೈಸೂರು, ಮತ್ತೆ

ಸೆಪ್ಟೆಂಬರ್‌ನಲ್ಲಿ ಹುಡುಕಾಟ ಮತ್ತೆ ಶುರುವಾಯಿತು. ಐಬೆಕ್ ತಂಡದ ಜೊತೆ ಹೋದರು. ಗುಡಿಸಲಿನ ಹಿಂದಿನ ತಗ್ಗನ್ನು ದಾಟಿ ಆಚೆ ಕಣಿವೆಗೆ ಇಳಿದರು. ಅಕ್ಟೋಬರ್ ಆರಂಭದಲ್ಲಿ ಹಿಮ ಬಿದ್ದು ಹುಡುಕಾಟ ನಿಂತಿತು. ಇಲವಾಲದಲ್ಲಿ ಎಡೆ ಇಟ್ಟಿಲ್ಲ. ಮೆಸ್ ನಡೆಯುತ್ತಿದೆ.

ಹಿಮ ಬೀಳುವ ಮೊದಲು, ತಗ್ಗಿನ ಆಚೆ ಬದಿಯ ಇಳಿಜಾರಿನ ಬಂಡೆಗಳ ನಡುವೆ ಒಂದು ಇಂಧನದ ಬಾಟಲಿ ಸಿಕ್ಕಿದೆ. ಐಬೆಕ್ ಅದರ ಫೋಟೊ ಕಳುಹಿಸಿದರು. ತಳದ ಬಣ್ಣ ತನ್ನ ನೈಲ್ ಪಾಲಿಶ್‌ನದೇ ಎಂದು ಸುಧಾ ಗುರುತಿಸಿದ್ದಾರೆ. ಮುಚ್ಚಳ ಬಿಗಿಯಾಗಿತ್ತು. ಒಳಗೆ ಅರ್ಧದಷ್ಟು ಇದ್ದದ್ದು ಪೆಟ್ರೋಲ್ ಅಲ್ಲ, ದಾರಿಗೆಂದು ತುಂಬಿಕೊಂಡ ನೀರು.